ಎದುರಿನವರ ಎದೆಯೊಳಗೆ

ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಬಳಿ, ತುಂಗಭದ್ರೆಯ ನಡುಗಡ್ಡೆಯಲ್ಲಿ ನವವೃಂದಾವನವಿದೆ. ಅಲ್ಲಿರುವ ಒಂಬತ್ತು ವೃಂದಾವನಗಳಲ್ಲಿ ವ್ಯಾಸರಾಜರದೂ ಒಂದು. 2019ರ ಜುಲೈ 18ರ ಬೆಳಿಗ್ಗೆ ಅದನ್ನು ಯಾರೋ ಒಡೆದುಹಾಕಿದ್ದು ಕಂಡುಬಂತು. ಯಾರು ಮಾಡಿದರೆಂದು ತಿಳಿಯುವ ಮೊದಲೇ, ಏಕೆ ಮಾಡಿದರೆಂಬುದು ಹಲವರಿಗೆ ಖಚಿತವಾಗಿಬಿಟ್ಟಿತ್ತು. 'ಇದು ಧರ್ಮದ್ವೇಷಾನ ಬಿಡ್ರಿ' ಎಂದರು ಕೆಲವರು. 'ಹಿಂದ ದೊಡ್ಡ ಸಂಚೈತಿ' ಎಂದರು ಇನ್ನು ಕೆಲವರು. ಕೆಲವೇ ದಿನಗಳಲ್ಲಿ ಪೊಲೀಸರು ಆಂಧ್ರಪ್ರದೇಶದ ಕೆಲವರನ್ನು ಬಂಧಿಸಿದರು. ಅವರನ್ನು ಅಲ್ಲಿಗೆ ತಂದದ್ದು ನಿಧಿಯ ಆಸೆ ಎಂಬುದು ಪೊಲೀಸರ ತನಿಖೆಯಿಂದ ಹೊರಬಿತ್ತು.

ನಡುವಿನ ಆ ದಿನಗಳನ್ನು ನೆನೆದರೆ ಈಗಲೂ ಎದೆ ನಡುಗುತ್ತದೆ. ಸಿಟ್ಟಿಗೆದ್ದ ಹುಡುಗನೊಬ್ಬ ಕಲ್ಲೆತ್ತಿದ್ದರೆ? ಯಾರದೋ ನಿಧಿಯಾಸೆಗೆ ಪಕ್ಕದ ಓಣಿಯವರ ತಲೆ ಒಡೆಯುತ್ತಿತ್ತು.

ಅಲ್ಲಿಂದ ಅಂಜನಾದ್ರಿ ಬೆಟ್ಟ ದೂರವಿಲ್ಲ. ಹನುಮಂತ ಹುಟ್ಟಿದ್ದು ತಿರುಮಲದ ಬೆಟ್ಟದಲ್ಲಿ ಎಂದು 2021ರ ಏಪ್ರಿಲ್‌ನಲ್ಲಿ ತಿರುಪತಿ ದೇವಸ್ಥಾನದವರು ಸಾರಿದರು. ಮೇ ತಿಂಗಳಲ್ಲಿ ಕಿಷ್ಕಿಂಧೆಯ ಪರವಾದವರು ತಿರುಪತಿಗೇ ಹೋಗಿ ವಾದಿಸಿದರು. ಒಮ್ಮತ ಮೂಡಲಿಲ್ಲ. ನಮ್ಮ ಚಹಾದಂಗಡಿಗಳಲ್ಲಿ ಮಾತ್ರ ತೀರ್ಪು ಆಗಿಹೋಗಿತ್ತು: 'ಅವರಿಗೆ ಬೇಕಾಗಿದ್ದು ರೊಕ್ಕರೀ!' ನಮ್ಮ ಬಗ್ಗೆ ಅತ್ತಲಿನವರೂ ಹಾಗೇ ಅಂದಿರಬಹುದು. ಅವರು ಮುಂದಿಟ್ಟ ಪುರಾಣ, ಶಾಸನಗಳ ಆಧಾರಗಳೇನು, ಅವು ನಿಲ್ಲುತ್ತವೆಯೇ ಎಂದು ಕೇಳಿದವರು ಎಷ್ಟು ಮಂದಿ? ಎದುರಿನವರ ಉದ್ದೇಶ ಗೊತ್ತಾಯಿತೆಂದುಕೊಂಡ ಮೇಲೆ ಓದುವ ಕಷ್ಟ ಉಳಿಯುವುದಿಲ್ಲ. ನಷ್ಟ ಮಾತ್ರ ನಮ್ಮದೇ.

ವ್ಯಾಸರಾಜರು ದೊಡ್ಡ ವಾದಿಗಳು. ಅವರು 'ನ್ಯಾಯಾಮೃತ'ದಲ್ಲಿ ಅದ್ವೈತವನ್ನು ಖಂಡಿಸಿದರು. ಆದರೆ ಎದುರಾಳಿಯ ಮಾತನ್ನು ಮೊದಲು ಹೇಳಿ, ಆಮೇಲೆ ಉತ್ತರಿಸಬೇಕು ಎಂಬುದು ಶಾಸ್ತ್ರದ ಕ್ರಮ. ಅದನ್ನೇ ಪೂರ್ವಪಕ್ಷ ಎನ್ನುವುದು. 'ನ್ಯಾಯಾಮೃತ'ಕ್ಕೆ ಮಧುಸೂದನ ಸರಸ್ವತಿಗಳು 'ಅದ್ವೈತಸಿದ್ಧಿ'ಯಲ್ಲಿ ಒಂದೊಂದೇ ವಾದವನ್ನೆತ್ತಿಕೊಂಡು ಉತ್ತರಿಸಿದರು. ದ್ವೈತದ ರಾಮಾಚಾರ್ಯರು 'ತರಂಗಿಣಿ'ಯಲ್ಲಿ ಅದಕ್ಕೆ ಮರುತ್ತರ ಕೊಟ್ಟರು. ಎರಡು ಪಕ್ಷಗಳೂ ಒಂದಾಗಲಿಲ್ಲ. ಎರಡರ ಶಾಸ್ತ್ರವೂ ಬೆಳೆಯಿತು.

ಹಾಗಾದರೆ ಉದ್ದೇಶವನ್ನು ಕೇಳಲೇಬಾರದೇ? ಕೇಳಬೇಕು. ಪಕ್ಷಕ್ಕೆ ಹಣ ಎಲ್ಲಿಂದ ಬಂತು, ಇದರಿಂದ ಯಾರಿಗೆ ಲಾಭ ಎಂಬುದಕ್ಕೆ ಲೆಕ್ಕಪತ್ರ ಇರುತ್ತದೆ, ಸಾಕ್ಷಿ ಇರುತ್ತದೆ. ಕಾಣದ ಮನುಷ್ಯನ ಎದೆಯೊಳಗಿನ ದ್ವೇಷಕ್ಕೆ ನಮ್ಮ ಊಹೆಯ ಹೊರತು ಏನಿದೆ?

ವಿದ್ಯಾರ್ಥಿಗಳಿಗೆ ಇದು ಹೊಸದಲ್ಲ. ಶಾಲೆಯ ಚರ್ಚಾಸ್ಪರ್ಧೆಯಲ್ಲಿ ಚೀಟಿ ಎತ್ತಿ ಪರವೋ ವಿರೋಧವೋ ಮಾತಾಡುತ್ತೀರಿ. ನಿರ್ಣಾಯಕರು ಅಂಕ ಕೊಡುವುದು ವಾದಕ್ಕೆ, ನಿಮ್ಮ ಮನಸ್ಸಿಗಲ್ಲ. ಮನೆಗೆ ಬಂದಾಗ ಆ ಪಾಠ ಮರೆಯುತ್ತದೆ. ಊಟಕ್ಕೆ ಕೂತ ಅಪ್ಪ ಟಿ.ವಿ. ನೋಡುತ್ತ, 'ಆ ಮಂದೀನ ಹಂಗ' ಅಂದರೆ, ಎದುರಿಗೆ ಕೂತ ಮಗ ಅದನ್ನೂ ಅನ್ನದ ಜೊತೆಗೇ ನುಂಗುತ್ತಾನೆ.

ಕೊಪ್ಪಳವಿರಲಿ, ಕುಷ್ಟಗಿ, ಯಲಬುರ್ಗಾ ಇರಲಿ, ಮನೆಯಲ್ಲಿ ಒಂದು ರೂಢಿ ಹಾಕಿಕೊಳ್ಳಬಹುದು. ಯಾರನ್ನಾದರೂ ಬೈಯುವ ಮೊದಲು, ಅವರು ಹೇಳಿದ್ದೇನು ಎಂಬುದನ್ನು ಅವರೇ ಒಪ್ಪುವಂತೆ ಒಮ್ಮೆ ಹೇಳಿ ನೋಡುವುದು. ಹೇಳಲಾಗದಿದ್ದರೆ ನಮಗಿನ್ನೂ ಅವರ ಮಾತು ಅರ್ಥವಾಗಿಲ್ಲ ಎಂದೇ ತಿಳಿಯಬೇಕು.