ಕಣ್ಣು ಕಾಣದವರಿಗೆ ಆಸರೆ: ನೋಮಿ ನಗರಾಡಳಿತಕ್ಕೆ ಹಕ್ಕೊತ್ತಾಯ ಪತ್ರ

ಮಾನ್ಯ ಮೇಯರ್ ಹಾಗೂ ನಗರಸಭಾ ಸದಸ್ಯರಿಗೆ,

ಇಲ್ಲಿನ ಅಸಾಹಿದಾಯಿಯ ಜೈಸ್ಟ್ ವಿಶ್ವವಿದ್ಯಾಲಯದ ನಂಟಿನಿಂದ ಜಪಾನಿನ ನೋಮಿಗೆ ಬಂದು ನೆಲೆಸಿದ ಕನ್ನಡಿಗರು ನಾವು. ಸ್ಥಳೀಯರು, ಹೊರನಾಡಿನವರು ಎಂಬ ಭೇದವಿಲ್ಲದೆ ದೃಷ್ಟಿ ಕಳೆದುಕೊಂಡ ಎಲ್ಲ ನಿವಾಸಿಗಳ ಪರವಾಗಿ ಇದನ್ನು ಸಲ್ಲಿಸುತ್ತಿದ್ದೇವೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಮ್ಮಲ್ಲಿದೆ. ಜಪಾನಿನಲ್ಲಿ ಪೂಜಾರಿಯೂ ಕೊಡಲು ಸಿದ್ಧ. ಅರ್ಜಿ ನಮೂನೆಯೇ ಅಡ್ಡ. ಓದಲಾಗದವರು ಕಾಂಜಿ ಲಿಪಿಯ ನಮೂನೆಯನ್ನು ಓದಿ, ತುಂಬಿ, ಸೌಲಭ್ಯ ಪಡೆಯಬೇಕಾಗಿದೆ.

1. ಇನ್ನು ಚಿಕಿತ್ಸೆಯಿಲ್ಲ ಎಂದು ವೈದ್ಯರು ಹೇಳಿದ ದಿನ ಯಾರಿಗೂ ‘ತೆಚೊ’ (ಅಂಗವೈಕಲ್ಯದ ಗುರುತಿನ ಪುಸ್ತಿಕೆ) ನೆನಪಾಗುವುದಿಲ್ಲ. ರೋಗಿಯ ಒಪ್ಪಿಗೆ ಪಡೆದು ಕಣ್ಣಿನ ವೈದ್ಯರೇ ಕಲ್ಯಾಣ ವಿಭಾಗಕ್ಕೆ ತಿಳಿಸುವ ಏರ್ಪಾಡಾಗಲಿ. 2018ರ ಜುಲೈಯಿಂದ ಎರಡೂ ಕಣ್ಣುಗಳ ದೃಷ್ಟಿಯ ಮೊತ್ತ ಬಿಟ್ಟು, ಚೆನ್ನಾಗಿ ಕಾಣುವ ಕಣ್ಣಿನ ದೃಷ್ಟಿಯನ್ನೇ ಆಧಾರವಾಗಿಟ್ಟುಕೊಂಡು ಅಂಗವೈಕಲ್ಯದ ದರ್ಜೆ ನಿಗದಿಯಾಗುತ್ತಿದೆ. ಅದಕ್ಕೂ ಮೊದಲು ಅರ್ಜಿ ತಿರಸ್ಕೃತವಾದವರನ್ನು ಮತ್ತೆ ಕರೆಸಿ.

2. ಅರ್ಜಿ ತುಂಬಿಸಲು ಮನೆಗೇ ಸಿಬ್ಬಂದಿ ಬರಲಿ. ಇಂಥ ನೆರವಿಗೆ ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರೂ ಅಂಗವಿಕಲರೇ, ಗೌರವಧನ ಮಾತ್ರ ಅಷ್ಟಕ್ಕಷ್ಟೆ. ಇಂಥವರನ್ನು ಇಲ್ಲಿ ಸಂಬಳ ಕೊಟ್ಟೇ ನೇಮಿಸಿ.

3. 2011ರ ಅಕ್ಟೋಬರಿನಲ್ಲಿ ಆರಂಭವಾದ ‘ದೋಕೊ ಎಂಗೊ’ (ಕಣ್ಣು ಕಾಣದವರ ಓಡಾಟಕ್ಕೆ ಜತೆಗಾರರ ನೆರವು) ಸೇವೆಯಲ್ಲಿ ಜತೆಗಾರರು ಕರೆದೊಯ್ಯುವುದಷ್ಟೇ ಅಲ್ಲ, ಹೋದಲ್ಲಿ ಓದಿ ಹೇಳುತ್ತಾರೆ, ಬರೆದೂ ಕೊಡುತ್ತಾರೆ. ಶುಲ್ಕ ಶೇ. 10, ಅದಕ್ಕೂ ತಿಂಗಳ ಮಿತಿಯುಂಟು. ಸ್ಥಳೀಯ ತೆರಿಗೆಯಿಂದ ವಿನಾಯಿತಿ ಪಡೆದ ಮನೆಗಳಿಗೆ ಉಚಿತ. ಯಾರಿಗೆ ಎಷ್ಟು ಗಂಟೆಗಳ ಸೇವೆ ಎಂದು ತೀರ್ಮಾನಿಸುವವರು ನೀವೇ. 1967ರಲ್ಲಿ ಓಕಾಯಾಮಾದಲ್ಲಿ ಮೊದಲು ಹಾಸಿದ, ಕಣ್ಣು ಕಾಣದವರಿಗೆ ದಾರಿ ತೋರುವ ಉಬ್ಬುಕಲ್ಲುಗಳು ಈಗ ಬೆಂಗಳೂರಿನ ಮೆಟ್ರೊ ನಿಲ್ದಾಣಗಳಲ್ಲೂ ಇವೆ. ಆದರೆ ಹಿಮ ಬಿದ್ದರೆ ಅವು ಬಿಳಿಕೋಲಿಗೆ ತಾಕುವುದೇ ಇಲ್ಲ. ರಸ್ತೆಯ ಹಿಮವನ್ನು ಯಂತ್ರ ತಳ್ಳಿಕೊಂಡು ಬಂದು ಕಾಲುದಾರಿಯ ಅಂಚಿಗೇ ಪೇರಿಸುತ್ತದೆ. ನಡೆಯುವವರು ವಾಹನಗಳ ನಡುವೆ ಇಳಿಯಬೇಕು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಜತೆಗಾರರ ಗಂಟೆಗಳನ್ನು ಹೆಚ್ಚಿಸಿ. ನೋಮಿ-ನೆಯಾಗಾರಿ ರೈಲು ನಿಲ್ದಾಣದಿಂದ ಬಸ್ ತಂಗುದಾಣದವರೆಗಿನ ಉಬ್ಬುಕಲ್ಲುಗಳ ಹಿಮವನ್ನು ಮೊದಲು ತೆಗೆಸಿ.

4. ಇದೇ ಜತೆಗಾರರು ದಿನನಿತ್ಯ ಕೆಲಸಕ್ಕೋ ತರಗತಿಗೋ ಕರೆದೊಯ್ಯುವಂತಿಲ್ಲ ಎನ್ನುತ್ತದೆ ನಿಯಮ. ಆಸ್ಪತ್ರೆಗೆ ಹೋಗಬಹುದು, ಅಂಗಡಿಗೆ ಹೋಗಬಹುದು, ದುಡಿಯಲು ಮಾತ್ರ ಹೋಗಬಾರದು. ಇದು ಯಾವ ನ್ಯಾಯ? ಉದ್ಯೋಗಸ್ಥರಿಗಾಗಿ 2020ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ತಂದ ವಿಶೇಷ ಯೋಜನೆಯನ್ನು ಪೂರ್ತಿ ಬಳಸಿ. ವಿದ್ಯಾರ್ಥಿಗಳ ಜತೆಗಾರರಿಗೆ ನಗರದ ಬಜೆಟ್‌ನಿಂದಲೇ ಹಣ ಕೊಡಿ.

5. 65 ತುಂಬಿದವರನ್ನು ವೃದ್ಧರ ಆರೈಕೆ ವಿಮೆಗೆ ದಾಟಿಸುವಾಗ ಜತೆಗಾರರ ಸೇವೆ ನಿಲ್ಲಕೂಡದು. ಆ ವಿಮೆಯಲ್ಲಿ ಇದಕ್ಕೆ ಸಮನಾದ ಸೇವೆಯೇ ಇಲ್ಲ.

6. 2024ರ ಜನವರಿ 1ರ ಸಂಜೆ 4.10ಕ್ಕೆ ನೊತೊ ಭೂಕಂಪ ನಮ್ಮ ಇಶಿಕಾವಾ ಪ್ರಾಂತವನ್ನು ನಡುಗಿಸಿತು. ಇಂಥ ವಿಪತ್ತಿನಲ್ಲಿ ಆಸರೆ ಬೇಕಾದವರಿಗೆ ಒಬ್ಬೊಬ್ಬರಿಗೂ ಸ್ಥಳಾಂತರ ಯೋಜನೆ ಸಿದ್ಧಪಡಿಸಲು ಶ್ರಮಿಸಬೇಕೆಂದು 2021ರ ಕಾನೂನು ತಿದ್ದುಪಡಿ ಸ್ಥಳೀಯ ಸಂಸ್ಥೆಗಳಿಗೆ ಹೇಳಿದೆ. ಕೈಹಿಡಿದು ಕರೆದೊಯ್ಯುವವರು ಯಾರು ಎಂಬುದು ಹೆಸರು ಸಹಿತ ಅದರಲ್ಲಿರಲಿ. ಆಶ್ರಯ ಕೇಂದ್ರದಲ್ಲಿ ಕಣ್ಣು ಕಾಣದವರಿಗೆ ಗೋಡೆ ಬದಿಯ ಜಾಗ ಕೊಡಿ. ಗೋಡೆ ಸವರಿಕೊಂಡೇ ಶೌಚಾಲಯ ತಲುಪುವಂತಿರಬೇಕು.

7. ಈ ಪತ್ರಕ್ಕೆ ಉತ್ತರ ಕಾಗದದಲ್ಲಿ ಮಾತ್ರ ಬಂದರೆ ಸಾಲದು. ಬ್ರೈಲ್‌ನಲ್ಲಿ ಮತ್ತು ಧ್ವನಿಮುದ್ರಣದಲ್ಲಿ, ಸರಳ ಜಪಾನಿ ಭಾಷೆಯಲ್ಲಿ, ಒಂದು ತಿಂಗಳೊಳಗೆ ಕೊಡಿ.

ಇತಿ,
ನೋಮಿಯ ಕನ್ನಡಿಗ ನಿವಾಸಿಗಳು