ಪುಸ್ತಕದೊಡನೆ ಮನುಷ್ಯನೂ ಬೇಕು

1931ನೆಯ ಇಸವಿಯಲ್ಲಿ ಎರಡು ಸಂಗತಿಗಳು ಜರುಗಿದವು. ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾಗಿದ್ದ ಎಸ್. ಆರ್. ರಂಗನಾಥನ್ ಅವರ ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳು ಅಚ್ಚಾಗಿ ಹೊರಬಂದವು. ಅಂದಿನ ತಂಜಾವೂರು ಜಿಲ್ಲೆಯ ಮನ್ನಾರ್‌ಗುಡಿಯಿಂದ ಪುಸ್ತಕಗಳನ್ನು ಹೇರಿದ ಎತ್ತಿನ ಗಾಡಿಯೊಂದು ಹಳ್ಳಿಗಳತ್ತ ಹೊರಟಿತು. ವಾಚಕನು ಗ್ರಂಥಾಲಯಕ್ಕೆ ಬರಲಾರದಿದ್ದರೆ ಗ್ರಂಥಾಲಯವೇ ಅವನ ಬಾಗಿಲಿಗೆ ಹೋಗಬೇಕೆಂಬ ತತ್ತ್ವವು ಹೀಗೆ ಒಂದೇ ವರ್ಷದಲ್ಲಿ ನುಡಿಯಲ್ಲಿಯೂ ನಡೆಯಲ್ಲಿಯೂ ವ್ಯಕ್ತವಾಯಿತು.

ಆ ಗಾಡಿಯ ಕೆಲಸವನ್ನು ಇಂದು ಅಂತರಜಾಲವು ಮಾಡುತ್ತಿದೆ. 1985ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವೂ 1996ರಲ್ಲಿ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವೂ ಸ್ಥಾಪಿತವಾದವು. ಇಂದು ಮನೆಯಲ್ಲಿದ್ದುಕೊಂಡೇ ಪರದೇಶದ ವಿಶ್ವವಿದ್ಯಾನಿಲಯವನ್ನೂ ಸೇರಬಹುದು. ಒಂದು ಪಾಸ್‌ವರ್ಡಿನಿಂದ ಸಾವಿರಾರು ಗ್ರಂಥಗಳು ತೆರೆದುಕೊಳ್ಳುತ್ತವೆ. ಆದರೆ ಇಷ್ಟಕ್ಕೇ ಗ್ರಂಥಾಲಯದ ಕರ್ತವ್ಯವು ಮುಗಿಯಿತೆಂದು ಭಾವಿಸುವುದು ಸರಿಯಲ್ಲ.

ಕನ್ನಡ ಮಾಧ್ಯಮದಲ್ಲಿ ಕಲಿತ ರೈತನ ಮಗಳಿಗೆ ಬರಗಾಲವೆಂದರೇನೆಂಬುದು ಅನುಭವದಿಂದಲೇ ತಿಳಿದಿರುತ್ತದೆ. ಅದನ್ನು ಕುರಿತ ಲೇಖನಗಳು ಯಾವ ಇಂಗ್ಲಿಷ್ ಶೀರ್ಷಿಕೆಯ ಕೆಳಗೆ ಅಡಗಿವೆಯೆಂಬುದು ತಿಳಿದಿರುವುದಿಲ್ಲ. ಹಿರಿಯರನ್ನು ಪ್ರಶ್ನಿಸುವುದು ಅವಿನಯವೆಂದು ನಂಬಿ ಬೆಳೆದವಳು ಮುಖವನ್ನೇ ಕಾಣದ ಅಧಿಕಾರಿಗೆ ಬರೆದು ಕೇಳಲು ಅಂಜುತ್ತಾಳೆ. ಗುರುವಿನ ಮಾತನ್ನು ಯಥಾವತ್ತಾಗಿ ಒಪ್ಪಿಸುವುದನ್ನು ಒಂದು ಪರಂಪರೆ ಶ್ರದ್ಧೆಯೆಂದು ಕೊಂಡಾಡಿದರೆ, ಆಕರವನ್ನು ಹೇಳದೆ ಹಾಗೆ ಬರೆಯುವುದನ್ನು ಇನ್ನೊಂದು ಪರಂಪರೆ ಕೃತಿಚೌರ್ಯವೆನ್ನುತ್ತದೆ. ಈ ಭೇದವನ್ನು ಯಾರೂ ತಿಳಿಸಿ ಹೇಳದಿದ್ದರೆ ದಂಡನೆಗೆ ಗುರಿಯಾಗುವವಳು ಅವಳೇ. ಬುದ್ಧಿಗೇನೂ ಕೊರತೆಯಿಲ್ಲದ ಇಂತಹವರು ಬೇಸತ್ತು ಓದನ್ನೇ ಬಿಟ್ಟುಬಿಡುವ ಸಂಭವವುಂಟು.

ಪದವನ್ನು ಯಂತ್ರವೂ ಭಾಷಾಂತರಿಸೀತು. ಕೇಳಲಾರದವರ ಸಂಕೋಚವನ್ನು ಅರಿತು ತಾನಾಗಿ ಮೊದಲು ಮಾತನಾಡಿಸುವುದು ಮನುಷ್ಯನ ಕೆಲಸ. ದೂರದಲ್ಲಿರುವ ವಿದ್ಯಾರ್ಥಿಯೂ ಆವರಣದೊಳಗಿನ ವಿದ್ಯಾರ್ಥಿಯಷ್ಟೇ ಗ್ರಂಥಾಲಯ ಸೇವೆಗೆ ಹಕ್ಕುಳ್ಳವನೆಂಬುದನ್ನು ಅಮೆರಿಕದ ಕಾಲೇಜು ಮತ್ತು ಸಂಶೋಧನ ಗ್ರಂಥಾಲಯಗಳ ಸಂಘವು ಒಪ್ಪಿದೆ. ನಮ್ಮ ವಿಶ್ವವಿದ್ಯಾನಿಲಯಗಳೂ ಇದನ್ನು ಕಾರ್ಯರೂಪಕ್ಕೆ ತರಬೇಕು. ದೂರದ ವಿದ್ಯಾರ್ಥಿಗಳಿಗೆಂದೇ, ಅವರ ಭಾಷೆಯನ್ನು ಬಲ್ಲ ಗ್ರಂಥಪಾಲರನ್ನು ನೇಮಿಸಬೇಕು. ಹಗಲು ದುಡಿದು ರಾತ್ರಿ ಓದುವವರಿಗೆ ಅವರು ಸಂಜೆಯ ಮೇಲೆಯೂ ದೊರೆಯಬೇಕು. ಹುಡುಕುವ ಕ್ರಮವನ್ನೂ ಆಕರಗಳನ್ನು ಉಲ್ಲೇಖಿಸುವ ಕ್ರಮವನ್ನೂ ಮೊದಲ ತಿಂಗಳಲ್ಲಿಯೇ ಕಲಿಸಬೇಕು. ಪುಸ್ತಕಗಳಿಗೆ ವೆಚ್ಚಮಾಡಿ ಸಿಬ್ಬಂದಿಯಲ್ಲಿ ಮಿತವ್ಯಯ ಸಾಧಿಸಿದರೆ ಆ ಪುಸ್ತಕಗಳ ವೆಚ್ಚವೂ ವ್ಯರ್ಥವೇ.

ಮನ್ನಾರ್‌ಗುಡಿಯ ಗಾಡಿಯಲ್ಲಿ ಪುಸ್ತಕಗಳಿದ್ದಂತೆ, ಅವುಗಳನ್ನು ಓದುಗರ ಕೈಗೆ ಕೊಡುವವರೂ ಇದ್ದರು. ಇಂದಿನ ಗಾಡಿಯ ವೇಗ ಹೆಚ್ಚಿದೆ. ಕೊಡುವವರ ಸ್ಥಾನವು ಅದರಲ್ಲಿ ಬರಿದಾಗಿರಬಾರದು.