ಏರುದಾರಿಗೆ ಒಪ್ಪುವ ಸೈಕಲ್ಲು

ಮಲೆನಾಡಿನವರಿಗೆ ಬೊಜ್ಜು ಬಾರದೆಂಬುದು ಹಳೆಯ ನಂಬಿಕೆ. ಬೆಟ್ಟದಿಂದ ಸೊಪ್ಪು, ದರಕು ಹೊತ್ತು ತರುತ್ತಿದ್ದ ಕಾಲಕ್ಕೆ ಅದು ಸಲ್ಲುತ್ತಿತ್ತು. ಇಂದು ಎರಡು ಲೀಟರ್ ಹಾಲನ್ನು ಡೇರಿಗೆ ಮುಟ್ಟಿಸಲೂ ಬೈಕು ಹೊರಡುತ್ತದೆ; ಸಕ್ಕರೆ ಕಾಯಿಲೆ, ರಕ್ತದೊತ್ತಡಗಳು ಪೇಟೆಯವರ ಸ್ವತ್ತಾಗಿ ಉಳಿದಿಲ್ಲ. ಸೈಕಲ್ ತುಳಿದು ತೂಕ ಇಳಿಸಿರೆಂಬ ಉಪದೇಶವೂ ಪೇಟೆಯಿಂದಲೇ ಘಟ್ಟ ಹತ್ತಿದೆ. ಉಪದೇಶ ಸರಿ, ಲೆಕ್ಕ ಅರ್ಧ.

ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಶಕ್ತಿ ಅಡಗಿದೆ. ಸ್ನಾಯುಗಳು ವ್ಯಯಿಸುವ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲು ಭಾಗ ಕೆಲಸವಾಗುತ್ತದೆ, ಉಳಿದದ್ದು ಶಾಖ. ಹೀಗಾಗಿ 60 ಕಿಲೋ ತೂಕದವರು 20 ಕಿಲೋ ಸೈಕಲ್ಲಿನೊಂದಿಗೆ 100 ಮೀಟರ್ ಎತ್ತರ ಏರಿದರೆ ಆ ಏರಿಗೆ ತಗಲುವುದು ಸುಮಾರು 80 ಕ್ಯಾಲೊರಿ. ಘಟ್ಟದ ಮೇಲಿನ ಹೋಟೆಲಿನ ಒಂದೇ ಬನ್ಸ್ ಅದನ್ನು ತೀರಿಸಿ ಮಿಗುತ್ತದೆ. ಊಟದಲ್ಲಿ ಹಿಡಿತವಿಲ್ಲದೆ ತೂಕ ಇಳಿಯದು.

ಆದರೆ ದೇಹದ ಕಸುವು ತೂಕದ ಮುಳ್ಳಿಗಾಗಿ ಕಾಯುವುದಿಲ್ಲ. ಹೃದಯ, ಶ್ವಾಸಕೋಶಗಳು ಬಲಗೊಳ್ಳುತ್ತವೆ. ತೊಡೆಯ ದೊಡ್ಡ ಸ್ನಾಯುಗಳು ರಕ್ತದ ಸಕ್ಕರೆಯನ್ನು ಬಳಸಿಕೊಳ್ಳುತ್ತವೆ. ಮೈಭಾರ ಸೀಟಿನ ಮೇಲಿರುವುದರಿಂದ ಓಡಲಾರದ ಸ್ಥೂಲಕಾಯರಿಗೂ ಇದು ಸಾಧ್ಯ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಸೂಚಿಸಿದ್ದು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ. ದಿನಕ್ಕೆ ಹದಿನೈದು ನಿಮಿಷ ಹೋಗಿ, ಹದಿನೈದು ನಿಮಿಷ ಬಂದರೆ ಐದು ದಿನಕ್ಕೆ 150 ಆಯಿತು. ಡೇರಿ, ಪಡಿತರದಂಗಡಿ, ಕಾಲೇಜು ಇದ್ದೇ ಇವೆ. ವ್ಯಾಯಾಮಕ್ಕೆಂದೇ ಬೇರೆ ಹೊತ್ತು ಹುಡುಕಬೇಕಿಲ್ಲ.

ಅಡ್ಡಿಯಿರುವುದು ಸೈಕಲ್ಲಿನಲ್ಲಿಯೇ. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ವಿತರಣೆ ಆರಂಭಿಸಿದಾಗ ಬಯಲುಸೀಮೆಗೂ ಮಲೆನಾಡಿಗೂ ಕೊಟ್ಟದ್ದು ಗೇರಿಲ್ಲದ ಒಂದೇ ಮಾದರಿ. ಅಂಥ ಸೈಕಲ್ಲು ಕಡಿದಾದ ಏರಿನಲ್ಲಿ ಮೊದಲ ತುಳಿತಕ್ಕೇ ಎದೆಯುಸಿರು ಕಟ್ಟಿಸುತ್ತದೆ, ಮಂಡಿ ಹಿಂಡುತ್ತದೆ. ಕೊನೆಗೆ ಇಳಿದು ತಳ್ಳುವುದೇ ಗತಿ. ಮುಂದೆ ಸಣ್ಣ ಹಲ್ಲುಚಕ್ರ, ಹಿಂದೆ ದೊಡ್ಡದಿದ್ದರೆ ಅದೇ ಏರನ್ನು ನಿಧಾನವಾಗಿ, ಹಗುರ ತುಳಿತದಿಂದ ಹತ್ತಬಹುದು. ಜಗಲಿಯಲ್ಲಿ ತುಕ್ಕು ಹಿಡಿದ ಸೈಕಲ್ಲುಗಳನ್ನು ಕಂಡು ಮಕ್ಕಳನ್ನು ಸೋಮಾರಿಗಳೆಂದವರು ಈ ಹಲ್ಲುಗಳನ್ನು ಎಣಿಸಿರಲಿಲ್ಲ!

ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತಿತು. ಮತ್ತೆ ಆರಂಭಿಸುವುದಾದರೆ ಮಲೆನಾಡಿನ ತಾಲ್ಲೂಕುಗಳಿಗೆ ಗೇರಿನ ಸೈಕಲ್ಲನ್ನೂ ಮಳೆಯಲ್ಲಿ ಜಾರದೆ ಹಿಡಿಯುವ ಬ್ರೇಕನ್ನೂ ಗ್ರಾಮಸಭೆಗಳು ಬರೆದು ಕೇಳಬೇಕು. ಗುಡ್ಡ ಕಡಿದು ಅಗಲಿಸಿದ ರಸ್ತೆಗಳಲ್ಲಿ ಕಾರುಗಳ ವೇಗ ಹೆಚ್ಚಿದೆ, ಸೈಕಲ್ಲಿಗೆ ಉಳಿದಿರುವುದು ಚರಂಡಿಯಂಚು. ಶಾಲೆಯ ಸಮೀಪದ ತಿರುವುಗಳಲ್ಲಾದರೂ ವೇಗತಡೆ ಹಾಕಿಸುವುದು ಅದೇ ಅರ್ಜಿಯ ಎರಡನೆಯ ಸಾಲಾಗಬಹುದು.